ಪಾಂಡುವಿನ ಕಾಲು, ಸೊಸೈಟಿಯ ಬಾಯಿ

ಹೌಸಿಂಗ್ ಸೊಸೈಟಿಯಲ್ಲಿ ವಾಸಿಸುವವರ ನಾಯಿ ಇದ್ದಕ್ಕಿದ್ದಂತೆ ಕುಂಟತೊಡಗಿದರೆ ಮೊದಲು ಮಾಡಬೇಕಾದ ಕೆಲಸ ಮನೆಯ ಬಾಗಿಲು ಹಾಕಿಕೊಳ್ಳುವುದು. ನಾಯಿಗಿರುವುದು ನಾಲ್ಕೇ ಕಾಲು. ಅವುಗಳ ಬಗ್ಗೆ ಸಲಹೆ ಕೊಡಲು ಇಡೀ ಕಟ್ಟಡವೇ ಇರುತ್ತದೆ. ಡೊಂಬಿವಲಿಯಲ್ಲಿ ಮಳೆಗಾಲದ ಒಂದು ಬೆಳಿಗ್ಗೆ ನಮ್ಮ ಪಾಂಡು ಮುಂದಿನ ಎಡಗಾಲನ್ನು ನೆಲಕ್ಕೆ ಊರುವುದೋ ಬೇಡವೋ ಎಂದು ಅನುಮಾನಿಸುತ್ತ ಗೇಟಿನೊಳಗೆ ಬಂದಾಗ, ನಾವು ಬಾಗಿಲು ಹಾಕುವ ಮುನ್ನವೇ ಮೂರನೆಯ ಮಹಡಿಯ ಶೆಟ್ಟರು ಕೆಳಗಿಳಿದು ಬಂದಿದ್ದರು.

ಮಾಟುಂಗಾದಲ್ಲಿ ಹೋಟೆಲು ನಡೆಸಿ ವಿಶ್ರಾಂತರಾಗಿರುವ ಶೆಟ್ಟರಿಗೆ ಸ್ವಂತ ಮಂಡಿನೋವಿನ ದೀರ್ಘ ಅನುಭವವಿದೆ. “ಇದು ವಾತ ಮಾರಾಯ್ರೆ” ಎಂದು ಅವರು ತೀರ್ಪು ಕೊಟ್ಟ ಹೊತ್ತಿಗೆ ಸರಿಯಾಗಿ ಪಾಂಡು ನಾಲ್ಕು ಹೆಜ್ಜೆ ನಡೆದು ತಲೆಯಾಡಿಸಿದ. “ನೋಡಿ, ಅವನೇ ಹೌದು ಅಂತಿದ್ದಾನೆ!” ಮುಂಗಾಲು ನೋಯುವ ನಾಯಿ ಆ ಕಾಲು ನೆಲಕ್ಕೆ ತಾಗಿದಾಗ ತಲೆಯನ್ನು ಮೇಲೆತ್ತುತ್ತದೆ, ನೋವಿಲ್ಲದ ಕಾಲೂರಿದಾಗ ತಗ್ಗಿಸುತ್ತದೆ, ನೋವು ಯಾವ ಕಾಲಿನದೆಂದು ತಿಳಿಯಲು ಅದೊಂದು ಒಳ್ಳೆಯ ಗುರುತು. ಆ ದಿನ ಮಾತ್ರ ಅದು ಶೆಟ್ಟರ ರೋಗನಿದಾನಕ್ಕೆ ರೋಗಿಯೇ ನೀಡಿದ ಅನುಮೋದನೆಯಾಯಿತು. ಅವರು ಊರಿನಿಂದ ತರಿಸಿದ್ದ ತೈಲವನ್ನು ಹಚ್ಚಲು ಬಂದಾಗ, ನಾಯಿ ಅದನ್ನು ನೆಕ್ಕಿ ಮುಗಿಸುತ್ತದೆಂದು ಹೇಳಿ ತಡೆಯಬೇಕಾಯಿತು.

ಜೋಶಿ ಕಾಕು ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಅದರಿಂದ ಸೀನು ಬಿಟ್ಟರೆ ಬೇರೆ ಅಪಾಯವಿಲ್ಲ. ನಿಜವಾದ ಅಪಾಯವಿದ್ದದ್ದು ಸೊಸೈಟಿಯ ಸೆಕ್ರೆಟರಿಯವರ ಜೇಬಿನಿಂದ ಹೊರಬಂದ ಐಬುಪ್ರೊಫೆನ್ ಮಾತ್ರೆಯಲ್ಲಿ. ನಮ್ಮ ಬೆನ್ನುನೋವಿಗೆ ಆಗಿಬರುವ ಈ ಮಾತ್ರೆ ನಾಯಿಗೆ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತಸ್ರಾವ ತರಿಸಬಲ್ಲದು, ಮೂತ್ರಪಿಂಡವನ್ನೂ ಕೆಡಿಸಬಲ್ಲದು. ನನ್ನ ಹೆಂಡತಿ ಇದನ್ನು ತಿಳಿಸಿದಾಗ ಸೆಕ್ರೆಟರಿಯವರು ನೊಂದುಕೊಂಡು, ನಾಯಿಯನ್ನು ಲಿಫ್ಟಿನಲ್ಲಿ ಕರೆದೊಯ್ಯಬಾರದೆಂಬ ಹಳೆಯ ತಕರಾರನ್ನು ನೆನಪಿಸಿಕೊಂಡರು. ಸಾಕುನಾಯಿಗೆ ಲಿಫ್ಟ್ ನಿಷೇಧಿಸುವಂತಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿಯೇ ಇದೆ; ಕುಂಟುವ ನಾಯಿಗೆ ಮೆಟ್ಟಿಲು ಹತ್ತಿಸಬಾರದೆಂಬುದು ಸಾಮಾನ್ಯ ಬುದ್ಧಿ. ಎರಡನ್ನೂ ಹೇಳಿ ನಾವು ಲಿಫ್ಟಿನೊಳಗೆ ನುಗ್ಗಿದೆವು.

ಮನೆಯಲ್ಲಿ ಅವಳು ಪಾಂಡುವಿನ ಮೂತಿಗೆ ದುಪಟ್ಟಾವನ್ನು ಹಗುರವಾಗಿ ಕಟ್ಟಿ, ಏಕೆಂದರೆ ನೋವಿನಲ್ಲಿ ಎಂಥ ಸಾಧುನಾಯಿಯೂ ಕಚ್ಚುತ್ತದೆ, ಪಾದದ ಮೆತ್ತೆ, ಬೆರಳಸಂದಿ, ಉಗುರಿನ ಬುಡಗಳನ್ನು ಟಾರ್ಚ್ ಹಿಡಿದು ನೋಡಿದಳು. ಒಡೆದ ಪೇವರ್ ಬ್ಲಾಕುಗಳ ಮೇಲೆ ತಿರುಗಾಡುವ ನಾಯಿಯ ಪಾದದಲ್ಲಿ ಗಾಜಿನ ಚೂರೋ ಮುಳ್ಳೋ ಸಿಗುವುದು ಸಹಜ. ಏನೂ ಸಿಗಲಿಲ್ಲ. ಮೂಳೆ ಮುರಿದ ಲಕ್ಷಣವಿರಲಿಲ್ಲ, ಬಾವೂ ಇರಲಿಲ್ಲ. ಆದ್ದರಿಂದ ಓಟ, ಜಿಗಿತ ಬಂದ್ ಮಾಡಿ ಒಂದು ದಿನ ಮಲಗಿಸಿದೆವು.

ಮರುದಿನ ಅವನು ಹಿಂದಿನ ಬಲಗಾಲನ್ನು ಕುಂಟಿದ! ಇಡೀ ಕಟ್ಟಡಕ್ಕೆ ನಿರಾಳವಾಯಿತು. “ಪೂರಾ ನಾಟಕ!” ಎಂದರು ಶೆಟ್ಟರು, ರಜೆ ಕೇಳುವಾಗ ಬಲಗೈಗೆ, ಪಗಾರ ಕೇಳುವಾಗ ಎಡಗೈಗೆ ಪಟ್ಟಿ ಸುತ್ತಿಕೊಂಡು ಬರುತ್ತಿದ್ದ ತಮ್ಮ ಹೋಟೆಲಿನ ಮಾಣಿಯೊಬ್ಬನಂತೆಯೇ ಪಾಂಡು ಎಂದು ಅವರು ಎಲ್ಲರಿಗೂ ವಿವರಿಸಿದರು.

ಪಶುವೈದ್ಯರು ಮಾತ್ರ ನಗಲಿಲ್ಲ. ಯಾವ ಕಾಲೆಂದು ಅವರು ಕೇಳಿದಾಗ ನಾವಿಬ್ಬರೂ ಏಕಕಾಲಕ್ಕೆ ಬೇರೆ ಬೇರೆ ಕಾಲು ತೋರಿಸಿದ್ದನ್ನೇ ಹಿಡಿದು, ಅವರು ಪಾಂಡುವಿನ ಕಿವಿ ಮಗುಚಿ, ಒಳಗಿದ್ದ ಕೊಬ್ಬಿದ ಉಣುಗನ್ನು ಚಿಮುಟದಿಂದ ಎತ್ತಿ ತೋರಿಸಿದರು. ಉಣುಗಿನಿಂದ ಹರಡುವ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾ ರಕ್ತದ ಪ್ಲೇಟ್‌ಲೆಟ್ ಇಳಿಸುವುದಲ್ಲದೆ ಕೀಲುಗಳಿಗೂ ನೋವು ತರಬಹುದು, ಆ ನೋವು ಇಂದು ಒಂದು ಕೀಲಿನಲ್ಲಿದ್ದರೆ ನಾಳೆ ಇನ್ನೊಂದಕ್ಕೆ ಹೋಗಬಹುದು ಎಂದರು. ರಕ್ತಪರೀಕ್ಷೆ ಅದನ್ನೇ ಹೇಳಿತು. ಡಾಕ್ಸಿಸೈಕ್ಲಿನ್ ಮಾತ್ರೆಯನ್ನು, ಕುಂಟು ಮೊದಲೇ ನಿಂತರೂ ಬಿಡದೆ, 28 ದಿನ ಕೊಡಬೇಕಾಯಿತು.

ಈ ಸುದ್ದಿ ಕೇಳಿದ ಶೆಟ್ಟರು ನಾಟಕದ ಮಾತು ಬಿಟ್ಟು ಬಹಳ ಹೊತ್ತು ಗಂಭೀರರಾಗಿದ್ದರು. ಸಂಜೆ ಒಬ್ಬರೇ ಬಂದು, ತಮ್ಮ ಮಂಡಿನೋವೂ ಒಮ್ಮೊಮ್ಮೆ ಎಡದಿಂದ ಬಲಕ್ಕೆ ದಾಟುವುದುಂಟೆಂದೂ, ಆ ನಾಯಿ ಡಾಕ್ಟರು ಭಾನುವಾರ ಸಿಗುತ್ತಾರೆಯೇ ಎಂದೂ ತಗ್ಗಿದ ದನಿಯಲ್ಲಿ ವಿಚಾರಿಸಿದರು.