ಕಾಗೆ ಕೂತಾಗ ಮುರಿದ ಕೊಂಬೆ ಅಲ್ಲ ಅದು

ಭಾನುವಾರ ಸ್ಯಾನ್ ಹೋಸೆಯಿಂದ ಅಕ್ಕನ ಮಗ ಫೋನ್ ಮಾಡಿದ್ದ. ಊರಿನ ಸುದ್ದಿ, ಅಮ್ಮನ ಮಂಡಿನೋವು ಎಲ್ಲ ಮುಗಿದ ಮೇಲೆ ಮಾತು ಎಂದಿನ ಹಾಗೆ ಬ್ಯಾಸ್ಕೆಟ್‌ಬಾಲಿಗೆ ಬಂತು. ಅವನದು ಗೋಲ್ಡನ್ ಸ್ಟೇಟ್ ವಾರಿಯರ್ಸ್. ನಾನು ಟೊರಾಂಟೊ ಪಕ್ಕದ ಮಿಸಿಸಾಗಾದವನು, ನಂದು ಟೊರಾಂಟೊ ರ‍್ಯಾಪ್ಟರ್ಸ್. 2019ರಲ್ಲಿ ಅಮೆರಿಕ-ಕೆನಡಾದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಫೈನಲ್‌ನಲ್ಲಿ ನಮ್ಮವರು ಅವನವರನ್ನು ಸೋಲಿಸಿ ಕಪ್ಪು ಗೆದ್ದಿದ್ದರು. "ಮಾವ, 2019ರದ್ದು ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಅಷ್ಟೆ. ಡುರಾಂಟ್ ಕಾಲು ಸರಿಯಿದ್ದಿದ್ರೆ ನಿಮಗೆಲ್ಲಿ ಕಪ್ಪು?" ಅಂದ. ಅಷ್ಟು ಹೊತ್ತಿಗೆ ಅವನಿಗೆ ಇನ್ನೊಂದು ಕರೆ ಬಂತು. ಹೇಳಬೇಕಾಗಿದ್ದೆಲ್ಲ ನನ್ನ ಗಂಟಲಲ್ಲೇ ಉಳಿಯಿತು. ಇಲ್ಲಿ ಬರೀತಿದ್ದೀನಿ, ಸ್ವಲ್ಪ ಉದ್ದ ಆಗುತ್ತೆ.

ಮೊದಲು ಅವನ ಕಡೆಯ ಸತ್ಯ. ಫೈನಲ್ ಅಂದರೆ ಮೊದಲು 4 ಪಂದ್ಯ ಗೆದ್ದವರಿಗೆ ಕಪ್ಪು ಸಿಗುವ ಸರಣಿ. ವಾರಿಯರ್ಸ್ ತಾರೆ ಕೆವಿನ್ ಡುರಾಂಟ್ ಮೀನಖಂಡದ ನೋವಿನಿಂದ ಫೈನಲ್‌ನ ಮೊದಲ 4 ಪಂದ್ಯ ಆಡಲಿಲ್ಲ. 5ನೇ ಪಂದ್ಯಕ್ಕೆ ಬಂದ, 12 ನಿಮಿಷದಲ್ಲಿ 11 ಪಾಯಿಂಟ್ ಹೊಡೆದ, ಹಿಮ್ಮಡಿಯ ಮೇಲಿನ ನರ ಹರಿದು ಕುಸಿದ. ಅವರ ಇನ್ನೊಬ್ಬ ತಾರೆ ಕ್ಲೇ ಥಾಂಪ್ಸನ್ 3ನೇ ಪಂದ್ಯಕ್ಕೆ ಇರಲಿಲ್ಲ. 6ನೇ ಪಂದ್ಯದಲ್ಲಿ 30 ಪಾಯಿಂಟ್ ಗಳಿಸಿ ಮಂಡಿಯ ಲಿಗಮೆಂಟ್ ಹರಿದುಕೊಂಡ. ಇಷ್ಟೆಲ್ಲ ಆದ ಮೇಲೂ ಆ ಕೊನೆಯ ಪಂದ್ಯದಲ್ಲಿ ನಾವು 111-110 ಮುಂದಿದ್ದಾಗ ಅವರ ಸ್ಟೆಫ್ ಕರಿ ಕೈಯಲ್ಲಿ ಚೆಂಡಿತ್ತು. ದೂರದಿಂದ ಎಸೆದ ಆ ತ್ರೀ ಪಾಯಿಂಟರ್ (ಮೂರು ಪಾಯಿಂಟಿನ ಶಾಟ್) ಬಿದ್ದಿದ್ದರೆ 7ನೇ ಪಂದ್ಯ ನಡೆಯುವ ಸಾಧ್ಯತೆ ಇತ್ತು. ಅವನು ಹೇಳದ ಒಂದನ್ನು ನಾನೇ ಸೇರಿಸುತ್ತೇನೆ: ಮೂರು ವರ್ಷ ಸತತವಾಗಿ ನಮ್ಮನ್ನು ಮನೆಗೆ ಕಳಿಸಿದ್ದ ಲೆಬ್ರಾನ್ ಜೇಮ್ಸ್ 2018ರ ಬೇಸಿಗೆಯಲ್ಲಿ ಲಾಸ್ ಏಂಜಲೀಸಿಗೆ ಹೋದ, ನಮ್ಮ ದಾರಿಯಿಂದ ಸರಿದ. ಅದೃಷ್ಟ ಇತ್ತು. ಧಾರಾಳವಾಗಿಯೇ ಇತ್ತು.

ಆದರೆ "ಅಷ್ಟೆ" ಅಂದನಲ್ಲ, ಆ ಪದ ನನಗೆ ಒಪ್ಪಿಗೆಯಿಲ್ಲ.

ಅದೃಷ್ಟದ ಮಾತು ಬಂದಾಗ ಎಲ್ಲರೂ ತೋರಿಸುವುದು ನಮ್ಮ ತಾರೆ ಕವಾಯ್ ಲೆನಾರ್ಡ್‌ನ ಆ ಒಂದು ಶಾಟ್. 2019ರ ಮೇ 12, ಫೈನಲ್‌ಗೆ ಮುಂಚಿನ ಪ್ಲೇಆಫ್ (ನಾಕೌಟ್) ಸುತ್ತಿನಲ್ಲಿ ಫಿಲಡೆಲ್ಫಿಯಾ ವಿರುದ್ಧ 7ನೇ ಪಂದ್ಯ. ಉಳಿದದ್ದು 4.2 ಸೆಕೆಂಡ್. ಕವಾಯ್ ಬಲಗಡೆಯ ಮೂಲೆಗೆ ಓಡಿದ, ಏಳಡಿಯ ಜೋಯೆಲ್ ಎಂಬೀಡ್ ಕೈ ಚಾಚಿಕೊಂಡು ಜೊತೆಗೇ ಬಂದ, ಚೆಂಡು ಅವನ ಬೆರಳುಗಳ ಮೇಲಿಂದ ಎತ್ತರಕ್ಕೆ ಹೋಗಿ ರಿಮ್ಮಿನ ಮೇಲೆ ನಾಲ್ಕು ಸಲ ಪುಟಿಯಿತು. ನಾಲ್ಕು ಸಲ! ಮನೆಯಲ್ಲಿ ಯಾರೂ ಉಸಿರು ಬಿಡಲಿಲ್ಲ. ಆಮೇಲೆ ಒಳಗೆ ಬಿತ್ತು, 92-90. ನನ್ನ ಹೆಂಡತಿಗೆ ಈ ಆಟದಲ್ಲಿ ಅಂಥ ಆಸಕ್ತಿಯಿಲ್ಲ, ಅವಳೂ ಸೋಫಾದಿಂದ ಎದ್ದು ಕಿರುಚಿದಳು.

ಒಂದು ವಿಷಯ ಮಾತ್ರ ಹೆಚ್ಚಿನವರು ಮರೆಯುತ್ತಾರೆ. ಆಗ ಸ್ಕೋರು 90-90. ಆ ಚೆಂಡು ಆಚೆ ಬಿದ್ದಿದ್ದರೆ ನಾವು ಸೋಲುತ್ತಿರಲಿಲ್ಲ, ನಮ್ಮ ಅಂಗಳದಲ್ಲೇ ಓವರ್‌ಟೈಮ್ ಆಡುತ್ತಿದ್ದೆವು. ಸ್ವಲ್ಪ ಮುಂಚೆ ಅದೇ ಕವಾಯ್ ಎರಡು ಫ್ರೀ ಥ್ರೋಗಳಲ್ಲಿ ಒಂದನ್ನು ತಪ್ಪಿಸಿದ್ದರಿಂದಲೇ ಜಿಮ್ಮಿ ಬಟ್ಲರ್‌ಗೆ ಸಮ ಮಾಡಲು ಸಾಧ್ಯವಾಗಿತ್ತು. ಆ ರಾತ್ರಿ ಕವಾಯ್ 41 ಪಾಯಿಂಟ್ ಹೊಡೆದ. ಇಡೀ ಪಂದ್ಯವನ್ನು ಹೆಗಲ ಮೇಲೆ ಹೊತ್ತವನಿಗೆ ಕಡೆಯ ಚೆಂಡು ಒಲಿದರೆ ಅದಕ್ಕೆ ಬರೀ ಅದೃಷ್ಟ ಅಂತ ಹೇಗೆ ಹೆಸರಿಡುವುದು? ಇದೇ ಫಿಲಡೆಲ್ಫಿಯಾ ವಿರುದ್ಧ 2001ರಲ್ಲಿ, ಅದೂ 7ನೇ ಪಂದ್ಯವೇ, ವಿನ್ಸ್ ಕಾರ್ಟರ್‌ನ ಕಡೆಯ ಶಾಟ್ ತಪ್ಪಿ ನಾವು 88-87ರಲ್ಲಿ ಸೋತಿದ್ದೆವು. ಆ ಲೆಕ್ಕ ಯಾರೂ ಕೇಳುವುದಿಲ್ಲ.

ಆ ತಂಡದ ನಿಜವಾದ ಎತ್ತರ ನನಗೆ ಕಂಡದ್ದು ಆಮೇಲೆ, ಮಿಲ್ವಾಕಿ ಬಕ್ಸ್ ವಿರುದ್ಧದ ಮುಂದಿನ ಸುತ್ತಿನ ಸರಣಿಯಲ್ಲಿ. ಬಕ್ಸ್ ಆ ವರ್ಷ 60 ಪಂದ್ಯ ಗೆದ್ದ ತಂಡ, ಅವರ ಯಾನಿಸ್ ಆಂಟೆಟೊಕೊಂಪೊ ಅದೇ ವರ್ಷದ ಎಂವಿಪಿ, ಅಂದರೆ ಲೀಗಿನ ಅತ್ಯುತ್ತಮ ಆಟಗಾರ. ನಾವು 0-2 ಹಿಂದೆ. ಇಲ್ಲಿನ ಪತ್ರಿಕೆಗಳನ್ನು ಓದಲು ಮನಸ್ಸಾಗುತ್ತಿರಲಿಲ್ಲ. 3ನೇ ಪಂದ್ಯದಿಂದ ಕೋಚ್ ನಿಕ್ ನರ್ಸ್ ಯಾನಿಸ್‌ನ ಮೇಲೆ ಕವಾಯ್‌ನನ್ನೇ ಬಿಟ್ಟರು. ಯಾನಿಸ್ ಒಳಕ್ಕೆ ನುಗ್ಗಿದಾಗಲೆಲ್ಲ ಹಿಂದೆ ಮಾರ್ಕ್ ಗಸೋಲ್, ಪಕ್ಕದಿಂದ ಇನ್ನಿಬ್ಬರು, ಗೋಡೆ ಕಟ್ಟಿದ ಹಾಗೆ. ಎರಡು ಓವರ್‌ಟೈಮ್ ಆಡಿ 118-112ಕ್ಕೆ ಗೆದ್ದರು. ಕವಾಯ್ ನೋಯುವ ಕಾಲಿನಲ್ಲೇ 52 ನಿಮಿಷ ಆಡಿದ. ಫಿಲಡೆಲ್ಫಿಯಾ ಸರಣಿಯಲ್ಲಿ ಒಂದು ಬುಟ್ಟಿಗೂ ಪರದಾಡಿದ್ದ ಫ್ರೆಡ್ ವ್ಯಾನ್‌ವ್ಲೀಟ್, ಡ್ರಾಫ್ಟಿನಲ್ಲಿ (ತಂಡಗಳು ಹೊಸ ಆಟಗಾರರನ್ನು ಆರಿಸುವಾಗ) ಯಾರಿಗೂ ಬೇಡವಾಗಿದ್ದ ಹುಡುಗ, ಮಗ ಹುಟ್ಟಿದ ಮೇಲಿನ ಮೂರು ಪಂದ್ಯಗಳಲ್ಲಿ 17 ತ್ರೀ ಎಸೆದು 14 ಹಾಕಿದ. ಆ ಋತುವಿನಲ್ಲಿ ಅಲ್ಲಿಯವರೆಗೆ ಸತತ ಮೂರು ಪಂದ್ಯ ಕೂಡ ಸೋಲದಿದ್ದ ಮಿಲ್ವಾಕಿ ಸತತ ನಾಲ್ಕು ಸೋತಿತು. ಅಲ್ಲಿ ಯಾರ ಕಾಲೂ ಮುರಿದಿರಲಿಲ್ಲ.

ಗಾಯದ ಲೆಕ್ಕ ಹಾಕುವುದಾದರೆ ನಮ್ಮದನ್ನೂ ಹಾಕಬೇಕು. ನಮ್ಮ ಆಟಗಾರ ಓಜಿ ಅನುನೋಬಿಗೆ ಏಪ್ರಿಲ್‌ನಲ್ಲಿ ಅಪೆಂಡಿಕ್ಸ್ ಆಪರೇಷನ್ ಆಯಿತು, ಪ್ಲೇಆಫ್‌ನಲ್ಲಿ ಒಂದು ನಿಮಿಷವೂ ಆಡಲಿಲ್ಲ. ಅಕ್ಕನ ಮಗ ಮೆರೆಯುವ 2015ರ ವಾರಿಯರ್ಸ್ ಕಪ್ಪಿನ ಎದುರಾಳಿ ಯಾರು? ಕೆವಿನ್ ಲವ್ ಇಲ್ಲದ, ಮೊದಲ ಪಂದ್ಯದಲ್ಲೇ ಕೈರಿ ಇರ್ವಿಂಗ್‌ನನ್ನು ಕಳೆದುಕೊಂಡ ಕ್ಲೀವ್‌ಲ್ಯಾಂಡ್. 2018ರಲ್ಲಿ ವಾರಿಯರ್ಸ್ ವಿರುದ್ಧ ಆಡಿದ ಹ್ಯೂಸ್ಟನ್‌ಗೆ ಕಡೆಯ ಎರಡು ಪಂದ್ಯಕ್ಕೆ ಕ್ರಿಸ್ ಪಾಲ್ ಇರಲಿಲ್ಲ, 7ನೇ ಪಂದ್ಯದಲ್ಲಿ ಸಾಲಾಗಿ 27 ತ್ರೀ ಹೊರಗೆ ಹೋದವು. ಆದರೂ ವಾರಿಯರ್ಸ್ ಮಹಾನ್ ತಂಡ ಅಂತ ನಾನು ಮನಸಾರೆ ಹೇಳುತ್ತೇನೆ. ಅವರಿಗೆ ಕೊಟ್ಟ ಅಳತೆಗೋಲನ್ನೇ ನಮಗೂ ಕೊಡಿ ಅನ್ನುವುದಷ್ಟೇ ನನ್ನ ಕೇಳಿಕೆ.

"ಡುರಾಂಟ್ ಇದ್ದಿದ್ದರೆ" ಅನ್ನುವುದಕ್ಕೂ ಕಲ್ಪನೆ ಬೇಕಿಲ್ಲ, ನಡೆದ ಪಂದ್ಯವೇ ಇದೆ. 2018ರ ಡಿಸೆಂಬರ್ 12, ಓಕ್ಲೆಂಡ್. ಡುರಾಂಟ್, ಕರಿ, ಕ್ಲೇ ಮೂವರೂ ಆಡಿದರು. ಆಡದೆ ಕೂತಿದ್ದವನು ಕವಾಯ್. ರ‍್ಯಾಪ್ಟರ್ಸ್ 113-93ರಿಂದ ಗೆದ್ದರು. ಒಂದು ಪಂದ್ಯದಿಂದ ಸರಣಿಯ ಹಣೆಬರಹ ಹೇಳಲಾಗದು, ಒಪ್ಪುತ್ತೇನೆ. ಆದರೆ ಆ ವರ್ಷ ಕವಾಯ್ ಇಲ್ಲದೆ ಆಡಿದ 22 ಪಂದ್ಯಗಳಲ್ಲಿ 17 ಗೆದ್ದ ತಂಡ ಇದು. ಫೈನಲ್‌ನಲ್ಲಿ 3 ಗೆಲುವು ಬಂದದ್ದೂ ವಾರಿಯರ್ಸ್‌ನ ಅಂಗಳದಲ್ಲಿ. ಕಡೆಯ ಪಂದ್ಯದಲ್ಲಿ ಕೈಲ್ ಲೌರಿ 26, ಪ್ಯಾಸ್ಕಲ್ ಸಿಯಾಕಮ್ 26, ವ್ಯಾನ್‌ವ್ಲೀಟ್ 22.

5ನೇ ಪಂದ್ಯವನ್ನು ನಾನು ಮಿಸಿಸಾಗಾದ ಸೆಲೆಬ್ರೇಷನ್ ಸ್ಕ್ವೇರ್‌ನಲ್ಲಿ, ದೊಡ್ಡ ಪರದೆಯ ಮುಂದೆ ಜನರ ನಡುವೆ ನಿಂತು ನೋಡಿದೆ. ಡುರಾಂಟ್ ಕುಸಿದಾಗ ಟೊರಾಂಟೊದ ಸ್ಟೇಡಿಯಂನಲ್ಲಿ ಕೆಲವರು ಕೇಕೆ ಹಾಕಿದರು. ಆ ಸದ್ದು ಪರದೆಯಿಂದ ಕೇಳಿಸಿದಾಗ ನನಗೆ ನಾಚಿಕೆಯಾಯಿತು, ಇವತ್ತಿಗೂ ಆಗುತ್ತದೆ. ಅದನ್ನು ನಿಲ್ಲಿಸಿ ಅಂತ ಕೈಯೆತ್ತಿ ಜನರಿಗೆ ಸನ್ನೆ ಮಾಡಿದವರು ನಮ್ಮ ಆಟಗಾರರೇ, ಲೌರಿ ಮತ್ತು ಸರ್ಜ್ ಇಬಾಕಾ. ಎದುರಾಳಿಯ ಗಾಯದಿಂದ ಗೆಲ್ಲಬೇಕು ಅಂತ ಅವರಿಗೆ ಇರಲಿಲ್ಲ.

ಮೈಸೂರಿನವನಾಗಿ ಇದನ್ನೂ ಹೇಳಬೇಕು. 2010ರ ಜನವರಿಯಲ್ಲಿ ನಮ್ಮ ಗಂಗೋತ್ರಿ ಗ್ಲೇಡ್ಸ್‌ನಲ್ಲಿ ರಣಜಿ ಫೈನಲ್. ಗುರಿ 338. ಮನೀಶ್ ಪಾಂಡೆ 144 ಹೊಡೆದರೂ ಕರ್ನಾಟಕ 331ಕ್ಕೆ ನಿಂತಿತು. 6 ರನ್! ಎಷ್ಟೋ ದಿನ ಊಟ ಸೇರಲಿಲ್ಲ. ಆದರೂ ಮುಂಬೈಗೆ ಅದೃಷ್ಟ ಅಂತ ನಾನು ಒಮ್ಮೆಯೂ ಅಂದಿಲ್ಲ. ಆ 6 ರನ್ನನ್ನು ಅವರು ಉಳಿಸಿಕೊಂಡರು, ನಾವು ಹೊಡೆಯಲಿಲ್ಲ.

ಅಕ್ಕನ ಮಗನಿಗೆ ನಾನು ಕಳಿಸಬೇಕೆಂದಿರುವುದು ಮುಂದಿನ ವರ್ಷದ ಕತೆ. ಕಪ್ಪು ಗೆದ್ದ ಬೇಸಿಗೆಯಲ್ಲೇ ಕವಾಯ್ ಕ್ಲಿಪ್ಪರ್ಸ್‌ಗೆ ಹೋದ. ಡ್ಯಾನಿ ಗ್ರೀನ್ ಕೂಡ ಹೋದ. ಬರೀ ಅದೃಷ್ಟದ ತಂಡವಾಗಿದ್ದರೆ ಅಲ್ಲಿಗೆ ಮುಗಿಯಬೇಕಿತ್ತು. ಉಳಿದವರು 53 ಗೆದ್ದು 19 ಸೋತರು, ಗೆಲುವಿನ ಸರಾಸರಿಯಲ್ಲಿ ರ‍್ಯಾಪ್ಟರ್ಸ್‌ನ ಚರಿತ್ರೆಯಲ್ಲೇ ಅದು ಮೇಲು. ಪ್ಲೇಆಫ್ ಸರಣಿಯಲ್ಲಿ ಬಾಸ್ಟನ್ ವಿರುದ್ಧ 0-2 ಹಿಂದಿದ್ದಾಗ 3ನೇ ಪಂದ್ಯದಲ್ಲಿ ಅರ್ಧ ಸೆಕೆಂಡ್ ಉಳಿದಿತ್ತು. ಲೌರಿ ಅಂಕಣದ ಆ ಕಡೆಗೆ ಚೆಂಡು ಎಸೆದ. ಹಿಂದಿನ ವರ್ಷ ಅಪೆಂಡಿಕ್ಸ್ ಹೊಲಿಗೆ ಹಾಕಿಸಿಕೊಂಡು ಕೂತಿದ್ದ ಓಜಿ ಅದನ್ನು ಹಿಡಿದು ಎಸೆದ, 104-103. ಆ ಸರಣಿ 7ನೇ ಪಂದ್ಯದವರೆಗೆ ಹೋಗಿ 92-87ರಲ್ಲಿ ಸೋತೆವು. ಬಾಸ್ಟನ್ ಚೆನ್ನಾಗಿ ಆಡಿತು. ಅವತ್ತು ಟಿವಿ ಆರಿಸಿದ ಮೇಲೆ ಕಪ್ಪು ಗೆದ್ದ ರಾತ್ರಿಯಷ್ಟೇ ಆ ತಂಡದ ಮೇಲೆ ಹೆಮ್ಮೆ ಅನ್ನಿಸಿತ್ತು.