ನಗುವೂ ಥ್ರೂ ಪ್ರಾಪರ್ ಚಾನೆಲ್

ನಾಡಗೀತೆ ಎಷ್ಟು ಹೊತ್ತು ಹಾಡಬೇಕೆಂದು ಸರ್ಕಾರ 2022ರಲ್ಲೇ ಗೊತ್ತು ಮಾಡಿಬಿಟ್ಟಿದೆ: 2 ನಿಮಿಷ 30 ಸೆಕೆಂಡು. ಮುಖ್ಯ ಅತಿಥಿಗಳ ಜೋಕಿಗೆ ಮಾತ್ರ ಇನ್ನೂ ಯಾವ ಆದೇಶವೂ ಹೊರಬಿದ್ದಿಲ್ಲ. ಹಾಗಾಗಿ ಕಲಬುರಗಿ, ಬೀದರ್, ಯಾದಗಿರಿಯ ವೇದಿಕೆಗಳಲ್ಲಿ ಮಳೆ ಬರಲಿ ಬಿಡಲಿ, ಜೋಕಿನ ಬೆಳೆ ಹುಲುಸು.

ಬೆಂಗಳೂರಿನಿಂದ ಬಂದ ಅತಿಥಿಗಳದು ಒಂದೇ ತಳಿ. "ನಿಮ್ಮಲ್ಲಿ ಎರಡೇ ಕಾಲವಂತೆ, ಬೇಸಿಗೆ ಮತ್ತು ಕಡು ಬೇಸಿಗೆ!" ಊರಿನ ಹೆಸರು 2014ರಲ್ಲಿ ಗುಲ್ಬರ್ಗಾ ಹೋಗಿ ಕಲಬುರಗಿ ಆಯಿತು. ಪ್ರದೇಶದ ಹೆಸರು 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯಿತು. ಈ ಜೋಕಿನ ಒಂದಕ್ಷರವೂ ಅಲ್ಲಾಡಲಿಲ್ಲ. ಅದನ್ನು ಹೇಳುವವರು ವೇದಿಕೆಯ ಮೇಲೆ ಕೂಲರಿನ ಮುಂದೆ ನಿಂತಿರುತ್ತಾರೆ, ಕೇಳುವವರು 44 ಡಿಗ್ರಿಯಲ್ಲಿ ಶಾಮಿಯಾನದ ಕೆಳಗೆ ಬೇಯುತ್ತಿರುತ್ತಾರೆ. ಬಿಸಿಲುಂಡವನು ಹೇಳಿದರೆ ಅದು ಜೋಕು, ಕೂಲರಿನವರು ಹೇಳಿದರೆ ಹವಾಮಾನ ವರದಿ. ಇನ್ನಷ್ಟು ಆಪ್ತರಾಗುವ ಹುಮ್ಮಸ್ಸಿನಲ್ಲಿ ಕೆಲವರು "ಏನ್ ಮಾಡಾಕತ್ತೀರಿ?" ಎಂದು ಕೂಗುವುದೂ ಉಂಟು. ಇಲ್ಲಿ ಜನ "ಮಾಡ್ಲಕತ್ತೀರಿ" ಅನ್ನುತ್ತಾರೆ. ಸಾಹೇಬರು ಹುಬ್ಬಳ್ಳಿ ಕಡೆಯವರೆಂದು ಹಿಂದಿನ ಸಾಲು ತೀರ್ಮಾನಿಸಿ ಸುಮ್ಮನಾಗುತ್ತದೆ.

ಸ್ಥಳೀಯ ಅಧಿಕಾರಿಗಳದು ವಾಟ್ಸಾಪ್ ತಳಿ: ಹೆಂಡತಿ, ಲಟ್ಟಣಿಗೆ, ಸೀರೆ ಅಂಗಡಿ. ಎದುರಿಗೆ ಕುಳಿತವರು ಬಸ್ಸು ಮಾಡಿ ಕರೆತಂದ ಅಂಗನವಾಡಿ ಕಾರ್ಯಕರ್ತೆಯರು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು. ಲಟ್ಟಣಿಗೆಗೆ ಅವರು ನಗುವುದಿಲ್ಲ. ಬಸ್ಸು ಹೊರಡುವುದರೊಳಗೆ ಪಲಾವಿನ ಪೊಟ್ಟಣ ಬರುತ್ತದೋ ಇಲ್ಲವೋ ಎಂಬ ಲೆಕ್ಕದಲ್ಲಿರುತ್ತಾರೆ.

ಆದರೂ ನಗು ಕೇಳಿಸುತ್ತದಲ್ಲ, ಎಲ್ಲಿಂದ? ಮೊದಲ ಸಾಲಿನ ಸೋಫಾದಿಂದ. ಅಲ್ಲಿ ನಗುವೂ ಥ್ರೂ ಪ್ರಾಪರ್ ಚಾನೆಲ್. ಜಿಲ್ಲಾಧಿಕಾರಿಗಳ ತುಟಿ ಅಲುಗಿದರೆ ಸಹಾಯಕ ಆಯುಕ್ತರು ಹಲ್ಲು ತೋರಿಸುತ್ತಾರೆ. ಆ ಹಲ್ಲು ಕಂಡ ಮೇಲೆ ತಹಶೀಲ್ದಾರರು ಸದ್ದು ಮಾಡುತ್ತಾರೆ. ಗ್ರಾಮ ಆಡಳಿತಾಧಿಕಾರಿಯ ನಗು ಮಂಜೂರಾಗಿ ಬರುವಷ್ಟರಲ್ಲಿ ಭಾಷಣ ಮುಂದಿನ ಯೋಜನೆಗೆ ದಾಟಿರುತ್ತದೆ. ಸೋಫಾದ ಹಿಂದಿನ ಎರಡು ಸಾಲು ಬಾರದ ಗಣ್ಯರಿಗಾಗಿ ಖಾಲಿ, ಉಳಿದವರು ಫ್ಯಾನು ಇದ್ದ ಕಡೆ ಚದುರಿರುತ್ತಾರೆ. ನಗು ಪಕ್ಕದವನಿಂದ ಅಂಟಬೇಕು. ಭುಜಕ್ಕೆ ಭುಜ ತಾಗಿಸಿ ಕುಳಿತ 100 ಮಂದಿ ನಕ್ಕಷ್ಟು, 800 ಕುರ್ಚಿಗಳಲ್ಲಿ ಚೆಲ್ಲಿಹೋದ 200 ಮಂದಿ ನಗುವುದಿಲ್ಲ. ಸಂಘಟಕರು ಶಾಲು, ಹಾರ ಎಣಿಸುವ ಹೊತ್ತಿನಲ್ಲಿ ಹಿಂದಿನವರನ್ನು ಎಬ್ಬಿಸಿ ಮುಂದೆ ಕೂಡಿಸಿದರೆ ಅರ್ಧ ಕೆಲಸ ಮುಗಿಯಿತು. ಕೂಡಿಸುವುದಿಲ್ಲ. ಶಿಷ್ಟಾಚಾರ ಅಡ್ಡ ಬರುತ್ತದೆ.

ಇನ್ನು ಮೈಕು. ಹಿಂದಿನ ರಾತ್ರಿ ಭಜನೆಗೆಂದು ಏರಿಸಿದ ಎಕೋ ಗುಂಡಿ ಹಾಗೇ ಇರುತ್ತದೆ. ನಗಿಸಬೇಕಾದ ಕೊನೆಯ ಮಾತು ಮೂರು ಸಲ ಕೇಳಿಸುತ್ತದೆ, ಮೂರು ಸಲವೂ ತಿಳಿಯುವುದಿಲ್ಲ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಪಕ್ಕದ ಧ್ವನಿವರ್ಧಕದ ಹಾರ್ನಿಗೂ 35 ಮೀಟರ್ ಆಚೆ ಕಂಬಕ್ಕೆ ಕಟ್ಟಿದ ಹಾರ್ನಿಗೂ ಸೆಕೆಂಡಿನ ಹತ್ತನೇ ಒಂದು ಪಾಲು ಅಂತರ ಹೇಗೂ ಬೀಳುತ್ತದೆ, ಅದರ ಮೇಲೆ ಎಕೋ ಬೇರೆ. ಗುಂಡಿಯನ್ನು ಸೊನ್ನೆಗೆ ತಿರುಗಿಸಿ, ಬಾಯಿಂದ ನಾಲ್ಕು ಬೆರಳು ದೂರಕ್ಕೆ ಮೈಕು ಹಿಡಿದು, ಪಕಾರ ಭಕಾರಗಳು ಸಿಡಿಯದಂತೆ ಒಂಚೂರು ಓರೆ ಮಾಡಿದರೆ ಸಾಕು. ನಮ್ಮವರು ಅದನ್ನು ಕಡಲೆ ಹೋಳಿಗೆಯ ಹಾಗೆ ತುಟಿಗೇ ಹಚ್ಚಿಕೊಳ್ಳುತ್ತಾರೆ.

ಇಷ್ಟೆಲ್ಲ ನೆಟ್ಟಗಿದ್ದರೂ ಜೋಕು ಕೊನೆಗೆ ಸಾಯುವುದು ವಾಕ್ಯದ ಬಾಲಕ್ಕೆ ಸಿಕ್ಕಿ. ತೊಗರಿ ಗಿಡವನ್ನು ಒಣಗಿಸುವ ನೆಟೆ ರೋಗದ ಬಗ್ಗೆ ಕಾರ್ಯಾಗಾರ ಅಂದುಕೊಳ್ಳಿ. ಈ ರೋಗದ ಶಿಲೀಂಧ್ರ ಮಣ್ಣಲ್ಲಿರುತ್ತದೆ, ಎಲೆಗೆ ಔಷಧ ಹೊಡೆದರೆ ಅದಕ್ಕೆ ನೆಗಡಿಯೂ ಬರುವುದಿಲ್ಲ. ಅಧಿಕಾರಿ ಕೇಳುತ್ತಾರೆ: "ಏನ್ ಅಜ್ಜಾ, ಔಷಧ ಹೊಡದ್ರ್ಯಾ?" ಅಜ್ಜ: "ಹೊಡದೀನ್ರಿ." "ಏನಾಯ್ತು?" "ತೊಗರಿ ಹೋಯ್ತರಿ. ಅಂಗಡಿಯಾಂವ ಉಳದ."

ಇದೇ ಮಾತು ವೇದಿಕೆ ಹತ್ತಿದರೆ: "ಆಗ ಆ ಹಿರಿಯ ರೈತರು, ತೊಗರಿ ಹೋಯಿತು, ಆದರೆ ಔಷಧದ ಅಂಗಡಿಯವನು ಉಳಿದುಕೊಂಡ ಎಂಬುದಾಗಿ ತಮ್ಮ ಸಹಜ ಹಾಸ್ಯಪ್ರಜ್ಞೆಯಿಂದ ಮಾರ್ಮಿಕವಾಗಿ ನುಡಿದರಂತೆ." "ಉಳಿದುಕೊಂಡ" ಅಂದಾಗ ಬಾಯಿಗೆ ಬಂದ ನಗು "ಎಂಬುದಾಗಿ" ಬಂದೊಡನೆ ಒಳಗೆ ಹೋಗುತ್ತದೆ. "ನುಡಿದರಂತೆ" ಹೊತ್ತಿಗೆ ಸಭೆ ಮೊಬೈಲು ತೆಗೆದಿರುತ್ತದೆ. ಮೇಲಿಂದ "ಇದರ ತಾತ್ಪರ್ಯ ಏನಪ್ಪಾ ಅಂದ್ರೆ" ಎಂಬ ವಿವರಣೆ. ಕನ್ನಡದಲ್ಲಿ ಜೋಕು ಹೇಳುವಾಗ, ಮಾತು ಆಡಿದವನನ್ನು ಮೊದಲು ತಂದುಬಿಡಬೇಕು: "ಅಜ್ಜ ಅಂದ." ಆಮೇಲೆ ಮಾತು. "ಹೋಯ್ತರಿ" ಆದ ಮೇಲೆ ಒಂದು ಉಸಿರು ಬಿಡುವು. "ಅಂಗಡಿಯಾಂವ ಉಳದ." ಅಲ್ಲಿಗೆ ಬಾಯಿ ಮುಚ್ಚಬೇಕು. ನಗು ಏರಿ, ಅರ್ಧಕ್ಕೆ ಇಳಿದಾಗ ಮುಂದಿನ ಮಾತು ಎತ್ತಬೇಕು. ಏರುವಾಗಲೇ ಮಾತು ಶುರು ಮಾಡಿದರೆ, ಕೇಳಿಸಿಕೊಳ್ಳಲೆಂದು ಜನ ನಗು ನುಂಗುತ್ತಾರೆ, ಮುಂದಿನ ಜೋಕಿಗೂ ನುಂಗಿಕೊಂಡೇ ಕೂರುತ್ತಾರೆ. 15 ನಿಮಿಷದ ಭಾಷಣಕ್ಕೆ ಇಂಥವು ಎರಡೋ ಮೂರೋ ಸಾಕು, ಒಂದೊಂದೂ ಅರ್ಧ ನಿಮಿಷ ಮೀರದಂತೆ. ಪದದ ಮೇಲೆ ಆಡುವ ಆಟ ಬೇಡ. ಬೀದರಿನ ಸಭೆಯಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ಮನೆಮಾತಿನವರು ಒಂದೇ ಬೆಂಚಿನಲ್ಲಿರುತ್ತಾರೆ. ಶ್ಲೇಷೆ ಒಬ್ಬರಿಗೆ ತಟ್ಟಿದರೆ ಮೂವರಿಗೆ ತಪ್ಪುತ್ತದೆ, ಪ್ರಸಂಗ ನಾಲ್ವರಿಗೂ ಮುಟ್ಟುತ್ತದೆ.

ಯಾರನ್ನು ನೋಡಿ ನಗಬೇಕು ಎಂಬುದರಲ್ಲೂ ನಮ್ಮ ಸಾಹೇಬರು ಎಡವುತ್ತಾರೆ: ರೈತ, ಹೆಂಗಸು, ಮುದುಕ, ಹಳ್ಳಿ ಮೇಷ್ಟ್ರು. ತಮ್ಮ ಕುರ್ಚಿ ಪಕ್ಕದಲ್ಲೇ ಇರುವಾಗ ಅಷ್ಟು ದೂರ ಹೋಗುವುದೇಕೋ! "ನಮ್ಮ ಆಫೀಸಿನಾಗ ಐದು ಗಂಟಿಗಿಂತ ಮೊದಲ ಹೋಗೋದು ಎರಡೇ. ಒಂದು ಕರೆಂಟು, ಇನ್ನೊಂದು ನಾನು." ಹೀಗೊಮ್ಮೆ ಅಂದು ನೋಡಲಿ, ಹಿಂದಿನ ಸಾಲೂ ನಗುತ್ತದೆ, ಚಾನೆಲ್ಲು ಬೇಕಿಲ್ಲ. "ನಾನು" ಕೊನೆಗೇ ಬರಬೇಕು, ಮೊದಲು ಬಂದರೆ ಅದು ತಪ್ಪೊಪ್ಪಿಗೆ.

ಪಿಪಿಟಿ ತಂದವರದು ಬೇರೆ ರೋಗ. ಜೋಕನ್ನು ಪೂರ್ತಿ ಪರದೆಗೆ ಬರೆಸಿ, ಪಕ್ಕಕ್ಕೊಂದು ಹಳದಿ ನಗೆಮುಖ ಅಂಟಿಸಿ, ಅದನ್ನೇ ಓದುತ್ತಾರೆ. ಅವರು ಎರಡನೇ ಸಾಲಿನಲ್ಲಿರುವಾಗ ಸಭೆ ಕೊನೆಯ ಸಾಲು ಓದಿ ಮುಗಿಸಿರುತ್ತದೆ. ಪವರ್‌ಪಾಯಿಂಟ್ ನಡೆಯುವಾಗ ಕೀಬೋರ್ಡಿನ ಬಿ ಅಕ್ಷರ ಒತ್ತಿದರೆ ಪರದೆ ಕಪ್ಪಾಗುತ್ತದೆ, ಮತ್ತೊಮ್ಮೆ ಒತ್ತಿದರೆ ಮರಳುತ್ತದೆ. ಆ ಕಪ್ಪಿನಲ್ಲಿ ಬಾಯಲ್ಲೇ ಹೇಳಬಹುದು. ಆದರೆ ಪಿಪಿಟಿ ಮಾಡಿದವನು ಕಂಪ್ಯೂಟರ್ ಆಪರೇಟರು, ಜೋಕು ಆಯ್ದವನೂ ಅವನೇ, ಸಾಹೇಬರು ಅದನ್ನು ಮೊದಲ ಸಲ ಓದುತ್ತಿರುವುದು ವೇದಿಕೆಯ ಮೇಲೆಯೇ.

ಕೊನೆಗೆ ವಂದನಾರ್ಪಣೆ. "ತಮ್ಮ ಹಾಸ್ಯಭರಿತ ನುಡಿಗಳಿಂದ ಸಭಿಕರನ್ನು ನಗೆಗಡಲಲ್ಲಿ ತೇಲಿಸಿದ" ಅತಿಥಿಗಳಿಗೆ ಧನ್ಯವಾದ. ಈ ಸಾಲು ಹಿಂದಿನ ಸಂಜೆಯೇ ಪತ್ರಿಕಾ ಪ್ರಕಟಣೆಯಲ್ಲಿ ಟೈಪಾಗಿ, ಪತ್ರಿಕೆಗಳ ಕಚೇರಿಗೆ ಮೇಲ್ ಹೋಗಿರುತ್ತದೆ. ಮುಖ್ಯ ಅತಿಥಿಗಳ ರೈಲು ವಾಡಿ ಜಂಕ್ಷನ್ನಿನಲ್ಲೇ ನಿಂತು ಅವರು ಬಾರದಿದ್ದರೂ, ಮರುದಿನದ ಪೇಪರಿನಲ್ಲಿ ಸಭಿಕರು ತೇಲಿಯೇ ತೇಲುತ್ತಾರೆ.