ಪ್ರೀಲೋಡ್ ಮತ್ತು ಹಿಂಬದಿ ಸವಾರ

ಬೈಕಿನಲ್ಲಿ ಹಿಂಬದಿ ಸವಾರರಿದ್ದಾಗ ಪ್ರೀಲೋಡ್ (ಹಿಂದಿನ ಶಾಕ್‌ನ, ಅಂದರೆ ಕುಲುಕಾಟ ತಡೆಯುವ ಭಾಗದ, ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಹೊಂದಾಣಿಕೆ) ಏರಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂಬ ಲೇಖನವೊಂದರ ಮಾತಿಗೆ ತಿದ್ದುಪಡಿ ಅಗತ್ಯ. ಸಾಮಾನ್ಯ ಸ್ಪ್ರಿಂಗಿನ ಗಡಸುತನ ಬದಲಾಗುವುದಿಲ್ಲ. ಬದಲಿಗೆ, ಇಬ್ಬರ ಭಾರಕ್ಕೆ ಕುಸಿದ ಬೈಕಿನ ಹಿಂಭಾಗ ಮತ್ತೆ ಸರಿಯಾದ ಎತ್ತರಕ್ಕೆ ಬರುತ್ತದೆ. ಇದರ ಪರಿಣಾಮವೇನೂ ಸಣ್ಣದಲ್ಲ: ಹಿಂಭಾಗ ಕುಸಿದೇ ಇದ್ದರೆ ಮುಂಚಕ್ರದ ಮೇಲಿನ ಭಾರ ಕಡಿಮೆಯಾಗಿ, ನಮ್ಮ ಚೆರ್ಕಳ–ಜಾಲ್ಸೂರು ರಸ್ತೆಯಂತಹ ಕಡೆ ತಿರುವುಗಳಲ್ಲಿ ಹ್ಯಾಂಡಲ್ ಹಗುರಾಗಿ ಬೈಕು ಹೊರಬದಿಗೆ ಸರಿಯತೊಡಗುತ್ತದೆ, ರಾತ್ರಿಯಲ್ಲಿ ಹೆಡ್‌ಲೈಟಿನ ಬೆಳಕು ಎದುರಿನವರ ಕಣ್ಣಿಗೇ ಹೊಡೆಯುತ್ತದೆ. ಎರಡು ಶಾಕ್‌ಗಳಿರುವ ಬೈಕಿನಲ್ಲಿ ಎರಡೂ ಬದಿಯ ಹೊಂದಾಣಿಕೆ ಸಮನಾಗಿರಬೇಕು. ಎಣ್ಣೆ ಸೋರಿದ ಶಾಕ್‌ಗೆ (ಮಳೆಗಾಲದ ಹೊಂಡಗಳು ಆ ಕೆಲಸವನ್ನು ಬೇಗನೆ ಮುಗಿಸುತ್ತವೆ) ಪ್ರೀಲೋಡ್ ಪರಿಹಾರವಾಗದು, ಏಕೆಂದರೆ ಸ್ಪ್ರಿಂಗಿನ ಪುಟಿತವನ್ನು ತಡೆಯುವುದು ಆ ಎಣ್ಣೆಯೇ. ಹಿಂದಿನ ಟೈರಿನ ಗಾಳಿಯನ್ನೂ ಇಬ್ಬರ ಸವಾರಿಗೆ ಕೈಪಿಡಿಯಲ್ಲಿ ಸೂಚಿಸಿದಷ್ಟೇ ತುಂಬಿಸಬೇಕು.